ಮುತ್ತಜ್ಜಿಯ ವಯಸ್ಸು ತಾಳೆ ಆಗದಿದ್ದರೆ ತಪ್ಪು ಎಲ್ಲಿ ಹುಡುಕಬೇಕು

ಲಕ್ಷಣ

ಮನೆಯ ವಂಶಾವಳಿ ಬರೆಯಲು ಕೂತವಳಿಗೆ ಎರಡನೇ ದಿನವೇ ಸಿಕ್ಕ ತೊಡಕು ಇದು. ಕಾಗದದ ಪ್ರಕಾರ ನನ್ನ ಮುತ್ತಜ್ಜಿಗೆ ಒಂಬತ್ತು ವರ್ಷ ಆದಾಗ ಮೊದಲ ಮಗು ಹುಟ್ಟಿದೆ. ಆ ಮಗು ನನ್ನ ಅಜ್ಜಿ. ಇನ್ನೊಂದು ಕಾಗದ ನೋಡಿದರೆ ಮುತ್ತಜ್ಜಿಯ ಹುಟ್ಟು ಹದಿನೇಳು ವರ್ಷ ಹಿಂದಕ್ಕೆ ಹೋಗುತ್ತದೆ. ಮನೆಯವರ ಮಾತು ಕೇಳಿದರೆ 1923ರ ದೊಡ್ಡ ಬೊಳ್ಳದಲ್ಲಿ, ಅಂದರೆ ನೆರೆಯಲ್ಲಿ, ಅವರು ಮಡಿಲ ಕೂಸು, ಅಂದರೆ ಸ್ವಂತ ಮಗಳಿಗಿಂತ ಆರು ವರ್ಷ ಚಿಕ್ಕವರು!

ಹೀಗಾದಾಗ ಜನ ಮಾಡುವುದು ಎರಡೇ ಕೆಲಸ. ಹಳಬರಿಗೆ ಮರೆವು ಅಂತ ಮಾತನ್ನು ಬಿಟ್ಟುಬಿಡುತ್ತಾರೆ, ಇಲ್ಲವಾದರೆ ಆಗಿನ ಕಾಲದಲ್ಲಿ ಯಾರು ಸರಿ ಬರೆಯುತ್ತಿದ್ದರು ಅಂತ ಕಾಗದ ಮಡಚಿ ಇಡುತ್ತಾರೆ. ಎರಡೂ ಮಾಡಬೇಡಿ. ಒಂದೊಂದು ಕಾಗದವೂ ಯಾವುದೋ ಒಂದು ಕೆಲಸಕ್ಕೆ ಬರೆದದ್ದು. ಆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಅದು ಸರಿ ಇರುತ್ತದೆ, ಉಳಿದದ್ದು ಅಂದಾಜು. ಮಾತೂ ಹಾಗೇ. ಯಾಕೆ ಬರೆದರು, ಯಾರು ಹೇಳಿದರು, ಯಾರು ಕೇಳಿಸಿಕೊಂಡರು ಅಂತ ಕೇಳುತ್ತಾ ಹೋದರೆ ತಪ್ಪು ತಾನಾಗಿ ಕಾಣುತ್ತದೆ.

ಮುತ್ತಜ್ಜಿಯ ಹೆಸರು ಇಲ್ಲಿ ಬರೆಯುತ್ತಿಲ್ಲ, ದೊಡ್ಡಮ್ಮ ಬೇಡ ಅಂದಿದ್ದಾರೆ. ನಮ್ಮದು ತುಳು ಮಾತಾಡುವ, ಅಳಿಯಸಂತಾನದ ಮನೆ. ಈಗ ಇರುವುದು ಉಡುಪಿಯಲ್ಲಿ.

ಕೈಯಲ್ಲಿ ಏನಿದೆ ಅಂತ ಮೊದಲು ಹರಡಿ ನೋಡಿ

ನನ್ನ ಹತ್ತಿರ ಇದ್ದದ್ದು ಮೂರು. 1953ರಲ್ಲಿ ಆಸ್ತಿ ಪಾಲು ಮಾಡಿಕೊಂಡ ವಿಭಾಗ ಪತ್ರದ ನಕಲು, ಅದರಲ್ಲಿ ಮುತ್ತಜ್ಜಿಗೆ ವಯಸ್ಸು 45, ಅಜ್ಜಿಗೆ 36. 1961ರ ಮರಣ ದಾಖಲೆ, ಅದರಲ್ಲಿ 70. ಮತ್ತೆ ಎಂಬತ್ತೈದು ದಾಟಿದ ದೊಡ್ಡಮ್ಮನ ಬಾಯಲ್ಲಿರುವ ಬೊಳ್ಳದ ಕಥೆ. ಕಳೆದು ನೋಡಿದರೆ ಹುಟ್ಟಿದ ವರ್ಷ ಕ್ರಮವಾಗಿ 1908, 1891, 1923.

ಅಳಿಯಸಂತಾನದ ಮನೆಯವರಿಗೆ ಒಂದು ಅನುಕೂಲ ಇದೆ, ಅದನ್ನು ಜಾಸ್ತಿ ಜನ ಬಳಸಿಕೊಳ್ಳುವುದಿಲ್ಲ. ನಮ್ಮಲ್ಲಿ ಕುಟುಂಬ ನಡೆಯುವುದು ಹೆಣ್ಣಿನ ಕಡೆಯಿಂದ. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದು ಕವರಿನವರಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಸಂತತಿ, ಇಷ್ಟು ಸೇರಿದರೆ ಒಂದು ಕವರು. ಹಾಗಾಗಿ 1950ರ ನಂತರದ ವಿಭಾಗ ಪತ್ರಗಳಲ್ಲಿ ಹೆಂಗಸರ ಹೆಸರು ಯಾರದೋ ಹೆಂಡತಿ ಅಂತ ಮೂಲೆಯಲ್ಲಿ ಇರುವುದಿಲ್ಲ. ಅವರೇ ತಲೆಯಾಳು. ಅವರ ಕೆಳಗೆ ಮಕ್ಕಳು, ಮೊಮ್ಮಕ್ಕಳು, ತೊಟ್ಟಿಲಲ್ಲಿರುವ ಕೂಸಿನವರೆಗೆ ಎಲ್ಲರ ಹೆಸರು, ವಯಸ್ಸು ಸಾಲಾಗಿ ಇರುತ್ತದೆ. ಬೇರೆ ಯಾವ ಕಾಗದ ಸಿಗದಿದ್ದರೂ ಪರವಾಗಿಲ್ಲ, ಇದೊಂದನ್ನು ಹುಡುಕಿ.

ಎಲ್ಲಿ ಹುಡುಕುವುದು? ಮೊದಲು ಮನೆಯ ಪೆಟ್ಟಿಗೆಯಲ್ಲಿ. ಅಲ್ಲಿ ಇಲ್ಲದಿದ್ದರೆ ಪಾಲು ತೆಗೆದುಕೊಂಡ ಬೇರೆ ಕವರಿನವರ ಮನೆಯಲ್ಲಿ, ಯಾಕೆಂದರೆ ಮೂಲಪ್ರತಿ ಯಾರಾದರೂ ಒಬ್ಬರ ಹತ್ತಿರವೇ ಇರುವುದು. ಕೊನೆಗೆ ಸಬ್ ರಿಜಿಸ್ಟ್ರಾರ್ ಕಛೇರಿ. ಅಲ್ಲಿ ಹೆಸರಿನ ಇಂಡೆಕ್ಸ್ ಬೇರೆ, ಜಾಗದ ಇಂಡೆಕ್ಸ್ ಬೇರೆ. ಹೆಂಗಸರ ಹೆಸರು ಹಿಡಿದು ಹುಡುಕುವಾಗ ಕರೆಯುವ ಹೆಸರು, ಇಟ್ಟ ಹೆಸರು ಎರಡನ್ನೂ ಕೊಡಿ. ಅಕ್ಕು, ಅಪ್ಪಿ, ಚಂದು ಅಂತ ಮನೆಯಲ್ಲಿ ಕರೆದ ಹೆಸರೇ ಕಾಗದಕ್ಕೂ ಬಂದಿರಬಹುದು. ಹೆಸರಲ್ಲಿ ಸಿಗದಿದ್ದರೆ ಸರ್ವೆ ನಂಬರ್ ಹಿಡಿದು ಜಾಗದ ಇಂಡೆಕ್ಸ್‌ನಿಂದ ಹಿಂದಕ್ಕೆ ಬನ್ನಿ.

ಊರಿನ ತಪ್ಪು

ಕಾಗದವೇ ಸಿಗುತ್ತಿಲ್ಲ ಅಂತಾದರೆ ನೀವು ತಪ್ಪು ಊರಲ್ಲಿ ಹುಡುಕುತ್ತಿರಬಹುದು. ಮುತ್ತಜ್ಜಿ ಬೈಲೂರಿನವರು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಉಡುಪಿಯಲ್ಲಿ ಇರುವವರಿಗೆ ಬೈಲೂರು ಅಂದರೆ ಪೇಟೆಯ ಪಕ್ಕದ್ದೇ ಅಲ್ವಾ. ನಾನೂ ಮೂರು ತಿಂಗಳು ಇಲ್ಲೇ ಸುತ್ತಿದೆ. ಆಮೇಲೆ ದೊಡ್ಡಮ್ಮ ಸುಮ್ನೆ ಮಾತಿನ ಮಧ್ಯೆ ಒಂದು ಸಲ ಅವರು ತವರಿಗೆ ಹೋಗುವಾಗ ಕಾರ್ಕಳದ ಕಡೆಗೆ ಹೋಗುತ್ತಿದ್ದರು ಅಂದರು. ಕಾರ್ಕಳ ತಾಲೂಕಿನಲ್ಲೂ ಒಂದು ಬೈಲೂರು ಇದೆ. ಶಿರೂರಿನ ಕಥೆಯೂ ಹೀಗೇ, ಹಿರಿಯಡ್ಕದ ಕಡೆ ಒಂದು, ಬೈಂದೂರಿನ ಕಡೆ ಒಂದು.

ಇನ್ನೊಂದು ನೆನಪಿಡಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ಕೆಳಗೆ ಇದ್ದವರು, ಕಾಸರಗೋಡು ಕೂಡ ಆಗಿನ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಬ್ರಹ್ಮಾವರ, ಕಾಪು, ಬೈಂದೂರು ತಾಲೂಕುಗಳು ತೀರಾ ಇತ್ತೀಚಿನವು. ಹಾಗಾಗಿ ಇವತ್ತಿನ ತಾಲೂಕು ಹೇಳಿ ಕಾಗದ ಕೇಳಬೇಡಿ, ಕಾಗದ ಬರೆದ ವರ್ಷದಲ್ಲಿ ಆ ಊರು ಯಾವ ತಾಲೂಕಿಗೆ ಸೇರಿತ್ತು ಅಂತ ಕೇಳಿಕೊಂಡು ಹೋಗಿ. ಒಂದು ಕಛೇರಿಯಲ್ಲಿ ನನಗೆ ಅಷ್ಟು ಹಳೇದು ಇಲ್ಲ ಅಂದರು. ಎರಡನೇ ಸಲ ಊರು, ಹಳೇ ತಾಲೂಕು, ವರ್ಷ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದೆ. ಅದೇ ಕಛೇರಿಯಲ್ಲಿ ಸಿಕ್ಕಿತು.

ಅಂಕೆಯ ತಪ್ಪು

ಇಲ್ಲಿ ಸ್ವಲ್ಪ ನಿಧಾನ ಮಾಡಿ. ವಯಸ್ಸಿನ ತೊಡಕು ಜಾಸ್ತಿ ಬಿಚ್ಚುವುದು ಇಲ್ಲೇ.

ಮೊದಲು ಮರಣ ದಾಖಲೆಯ 70. ಸತ್ತವರು ತಮ್ಮ ವಯಸ್ಸು ಹೇಳಿ ಹೋಗುವುದಿಲ್ಲ. ಬೇರೆ ಯಾರೋ ಹೋಗಿ ಹೇಳಿರುತ್ತಾರೆ, ಅದೂ ಮನೆಯಲ್ಲಿ ಸಾವಾಗಿರುವ ಹೊತ್ತಲ್ಲಿ. ಅರವತ್ತು, ಎಪ್ಪತ್ತು, ಎಂಬತ್ತು ಹೀಗೆ ಸೊನ್ನೆಯಲ್ಲಿ ಮುಗಿಯುವ ವಯಸ್ಸು ಕಂಡರೆ ಅದನ್ನು ಅಂದಾಜು ಅಂತಲೇ ತಿಳಿಯಿರಿ. ಅದೇ ದಾಖಲೆಯಲ್ಲಿ ಸತ್ತ ತಾರೀಕನ್ನು ಮಾತ್ರ ನಂಬಬಹುದು, ಆ ದಾಖಲೆ ಇರುವುದೇ ಅದಕ್ಕೆ. ಹಾಗಾಗಿ 1891 ಅನ್ನುವುದನ್ನು ಪಕ್ಕಕ್ಕೆ ಇಟ್ಟೆ.

ಇನ್ನು ವಿಭಾಗ ಪತ್ರದ 45. ದೊಡ್ಡವರ ವಯಸ್ಸನ್ನು ಬರೆಯುವವರು ಮುಖ ನೋಡಿ ಬರೆದರೂ ನಡೆಯುತ್ತಿತ್ತು, ಯಾರೂ ಕೇಳುವವರಿಲ್ಲ. ಮಕ್ಕಳ ವಯಸ್ಸು ಹಾಗಲ್ಲ. ಹದಿನೆಂಟು ತುಂಬಿದೆಯೋ ಇಲ್ಲವೋ ಅನ್ನುವುದರ ಮೇಲೆ ಅವರೇ ರುಜು ಹಾಕಬೇಕೋ, ಮೈನರ್ ಅಂತ ಬರೆದು ಗಾರ್ಡಿಯನ್ ನಿಲ್ಲಬೇಕೋ ಅಂತ ತೀರ್ಮಾನ ಆಗುವುದು. ಅಲ್ಲಿ ತಪ್ಪಿದರೆ ಪತ್ರವೇ ಕೋರ್ಟಿಗೆ ಹೋಗುತ್ತದೆ. ಆದ್ದರಿಂದ ಹಳೇ ಪತ್ರಗಳಲ್ಲಿ ಮೈನರ್ ಮಕ್ಕಳ ವಯಸ್ಸನ್ನು ಮೊದಲು ಹಿಡಿಯಿರಿ, ಅಲ್ಲಿಂದ ತಾಯಿಯ ವಯಸ್ಸಿಗೆ ಹಿಂದಕ್ಕೆ ನಡೆಯಿರಿ. ತಾಯಿಯಿಂದ ಮಕ್ಕಳ ಕಡೆಗೆ ಬರಬೇಡಿ. ನಾನು ಮೊದಲು ಮಾಡಿದ ತಪ್ಪು ಅದೇ.

ಮೈನರ್ ಮಕ್ಕಳಿರುವ ಪತ್ರ ನನಗೆ ಸಿಕ್ಕಿದ್ದು ಸೋದರಮಾವನ ಮನೆಯ ಅಟ್ಟದಲ್ಲಿ. ಮರದ ಪೆಟ್ಟಿಗೆ, ಅಡಿಭಾಗ ಒರಲೆ ತಿಂದಿತ್ತು. ಮೇಲಿನ ಬಟ್ಟೆಯ ಗಂಟಿನೊಳಗೆ 1938ರ ಒಂದು ಅಡವು ಪತ್ರ. ಮುತ್ತಜ್ಜಿಯ ಗಂಡ ಅವರಿಗೂ ಮಕ್ಕಳಿಗೂ ಸೇರಿಸಿ ಬರೆದುಕೊಟ್ಟ ಗದ್ದೆಯೊಂದನ್ನು ಸಾಲಕ್ಕೆ ಅಡವು ಇಟ್ಟದ್ದು. ಮುತ್ತಜ್ಜಿ 40, ನನ್ನ ಅಜ್ಜಿ 21, ಅಜ್ಜಿಯ ತಮ್ಮ ಮೈನರ್, 15. ಅಂದರೆ ಮುತ್ತಜ್ಜಿ ಹುಟ್ಟಿದ್ದು 1898ರ ಸುಮಾರಿಗೆ, ಅಜ್ಜಿ 1917ಕ್ಕೆ, ತಮ್ಮ 1923ಕ್ಕೆ. ಅಜ್ಜಿಯ ವಯಸ್ಸು ಎರಡು ಪತ್ರದಲ್ಲೂ ತಾಳೆ ಆಗುತ್ತದೆ. ತಾಯಿಯದ್ದು ಮಾತ್ರ ಹತ್ತು ವರ್ಷ ಹೆಚ್ಚುಕಡಿಮೆ.

ಸರಿಯಾಗಿ ಹತ್ತು. ಒಂಬತ್ತು ಅಲ್ಲ, ಹನ್ನೊಂದು ಅಲ್ಲ. ಸರಿಯಾಗಿ ಹತ್ತು ವರ್ಷ ವ್ಯತ್ಯಾಸ ಬಂದರೆ ಅದು ಅಂದಾಜಿನ ತಪ್ಪಲ್ಲ, ಅಂಕೆಯ ತಪ್ಪು. ನನ್ನ ಹತ್ತಿರ ಇದ್ದದ್ದು ನಕಲು ಅಂದೆನಲ್ಲ. ಆ ಕಾಲದಲ್ಲಿ ಪತ್ರ ರಿಜಿಸ್ಟರ್ ಆದ ಮೇಲೆ ಅದನ್ನು ಕಛೇರಿಯ ಪುಸ್ತಕಕ್ಕೆ ಕೈಯಲ್ಲೇ ನೋಡಿ ಬರೆಯುತ್ತಿದ್ದರು. ಆ ಪುಸ್ತಕ ನೋಡಿ ಮತ್ತೊಬ್ಬರು ನಕಲು ಬರೆದು ಕೊಡುತ್ತಾರೆ. ಅಂದರೆ ನಕಲಿನ ನಕಲು. ಎರಡು ಕೈ ದಾಟಿ ಬಂದದ್ದು. ಮೂಲಪ್ರತಿ ಇನ್ನೊಂದು ಕವರಿನವರ ಮನೆಯಲ್ಲಿ ಇತ್ತು. ಹೋಗಿ, ಕೂತು, ಕಾಫಿ ಕುಡಿದು, ಮನೆಯ ಸುದ್ದಿ ಎಲ್ಲ ಆದ ಮೇಲೆ ಕೇಳಿದೆ. ತೆಗೆದು ತೋರಿಸಿದರು. ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡದ್ದು ೫೫. ಮೊದಲ ೫ರ ಬಲಗಡೆಯ ಕೊಂಡಿ ಮಡಿಕೆಯ ಮೇಲೆ ಬಿದ್ದಿದೆ, ಶಾಯಿ ಅಳಿಸಿದೆ, ದೂರದಿಂದ ನೋಡಿದರೆ ೪ರ ಹಾಗೇ ಇದೆ. 1953ರಲ್ಲಿ ಐವತ್ತೈದು ಅಂದರೆ ಹುಟ್ಟಿದ್ದು 1898. ಅಡವು ಪತ್ರಕ್ಕೆ ಸರಿಯಾಗಿ ಕೂತಿತು.

ಕನ್ನಡ ಅಂಕೆಗಳಲ್ಲಿ ೪-೫ರ ಹಾಗೇ ೬-೯ ಕೂಡ ಮೋಸ ಮಾಡುತ್ತವೆ. ವ್ಯತ್ಯಾಸ ಸರಿಯಾಗಿ ಮೂರು ವರ್ಷ ಬಂದರೆ ಕೊನೆಯ ಅಂಕೆ ೬ ಇದೆಯೋ ೯ ಇದೆಯೋ ಅಂತ ಮತ್ತೊಮ್ಮೆ ನೋಡಿ. ಶಾನುಭೋಗರ ಕೈಯ ಮೋಡಿ ಬರವಣಿಗೆ, ಅಂದರೆ ಅಕ್ಷರ ಕೂಡಿಸಿ ಬರೆದದ್ದು ಆದರೆ ಅದನ್ನು ಓದಿ ಅಭ್ಯಾಸ ಇರುವವರಿಂದಲೇ ಓದಿಸಿ, ಊಹೆ ಮಾಡಬೇಡಿ.

ಮಾತಿನ ತಪ್ಪು, ಅಥವಾ ಕಿವಿಯ ತಪ್ಪು

ಉಳಿದದ್ದು ಬೊಳ್ಳದ ಕಥೆ. 1923ರ ಆಗಸ್ಟ್‌ನಲ್ಲಿ, ತುಳುವಿನ ಆಟಿ ತಿಂಗಳಲ್ಲಿ, ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ ಕಡೆ ಮನೆ ಮಠ ತೊಳೆದುಕೊಂಡು ಹೋದದ್ದು ಈ ಕಡೆಯ ಹಳಬರ ಬಾಯಲ್ಲಿ ಈಗಲೂ ಇದೆ. 1974ರಲ್ಲೂ ಅದೇ ಹೊಳೆ ಉಕ್ಕಿತ್ತು, ಹಾಗಾಗಿ ಯಾರಾದರೂ ಬೊಳ್ಳ ಅಂದರೆ ಯಾವ ಬೊಳ್ಳ ಅಂತ ಕೇಳಲೇಬೇಕು.

ನಮ್ಮ ಮನೆಯಲ್ಲಿ ಕಥೆ ಹೀಗೆ ನಡೆದುಬಂದಿತ್ತು: ಬೊಳ್ಳ ಬಂದಾಗ ಮುತ್ತಜ್ಜಿ ಸಣ್ಣ ಮಗು, ಪಾಣೆಮಂಗಳೂರಿನಲ್ಲಿ ಅಟ್ಟದ ಮೇಲೆ ಯಾರದೋ ಮಡಿಲಲ್ಲಿ ಎರಡು ರಾತ್ರಿ ಇದ್ದರಂತೆ. 1898ರಲ್ಲಿ ಹುಟ್ಟಿದವರು 1923ರಲ್ಲಿ ಇಪ್ಪತ್ತೈದು ವರ್ಷದ ಹೆಂಗಸು. ಸೋದರಮಾವ ಅದು ಯಾರದೋ ಕಥೆ, ನಮಗೂ ಪಾಣೆಮಂಗಳೂರಿಗೂ ಏನು ಸಂಬಂಧ ಅಂದುಬಿಟ್ಟರು. ನಾನೂ ಬಿಡುವವಳಿದ್ದೆ.

ಬಿಡದೆ ದೊಡ್ಡಮ್ಮನ ಹತ್ತಿರ ಹೋಗಿ ಕೂತೆ. ಕನ್ನಡದಲ್ಲಿ ಬೇಡ ದೊಡ್ಡಮ್ಮ, ನಿಮ್ಮ ಅಮ್ಮ ಹೇಳಿದ ಹಾಗೇ ತುಳುವಿನಲ್ಲೇ ಹೇಳಿ ಅಂದೆ. ಅವರು ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಾ, ತಲೆ ಎತ್ತದೆ ಹೇಳಿದ ವಾಕ್ಯ ಇದು: "ಬೊಳ್ಳ ಬನ್ನಗ ಬಾಲೆ ಮಟ್ಟೆಲ್‌ಡ್ ಇತ್ತ್ಂಡ್." ಬೊಳ್ಳ ಬರುವಾಗ ಮಗು ಮಡಿಲಲ್ಲಿ ಇತ್ತು.

ಯಾರ ಮಡಿಲಲ್ಲಿ, ಯಾವ ಮಗು, ಅಂತ ಆ ವಾಕ್ಯದಲ್ಲಿ ಇಲ್ಲವೇ ಇಲ್ಲ. ಮುತ್ತಜ್ಜಿಯ ಕಥೆ ಅಂತ ಹೇಳುತ್ತಿದ್ದರಲ್ಲ, ಹಾಗಾಗಿ ಮಗು ಅಂದರೆ ಮುತ್ತಜ್ಜಿ ಅಂತ ನಮ್ಮ ಅಮ್ಮಂದಿರ ಕಾಲದಲ್ಲಿ ಯಾರೋ ಅರ್ಥ ಮಾಡಿಕೊಂಡರು, ಕನ್ನಡಕ್ಕೆ ಬಂದಾಗ ಅದೇ ಗಟ್ಟಿಯಾಯಿತು. ಮಡಿಲು ಮುತ್ತಜ್ಜಿಯದ್ದು. ಮಗು ಅಜ್ಜಿಯ ತಮ್ಮ. 1938ರಲ್ಲಿ ಹದಿನೈದು ವರ್ಷದ ಮೈನರ್ ಅಂತ ಬರೆದಿದ್ದರಲ್ಲ, ಅವನೇ. ಕಥೆಯಲ್ಲಿ ತಪ್ಪಿರಲಿಲ್ಲ. ನೂರು ವರ್ಷ ಅದು ಸರಿಯಾಗಿಯೇ ಇತ್ತು, ಕೇಳಿಸಿಕೊಂಡ ನಾವು ತಪ್ಪಿದ್ದು.

ಆದ್ದರಿಂದ ನೆನಪಿನಲ್ಲಿ ದೋಷ ಕಂಡರೆ ಮೊದಲು ಮೂಲ ಭಾಷೆಯಲ್ಲಿ, ಮೂಲ ಮಾತಿನಲ್ಲಿ ಇನ್ನೊಮ್ಮೆ ಹೇಳಿಸಿ. ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಗನ್ನಡವೋ, ಹೇಗೆ ಕೇಳಿದ್ದರೋ ಹಾಗೆ. ಫೋನಿನಲ್ಲಿ ರೆಕಾರ್ಡ್ ಮಾಡಿ. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆ ಕೂರಿಸಿ ಕೇಳಿ, ಒಟ್ಟಿಗೆ ಕೂರಿಸಿದರೆ ಒಬ್ಬರ ಮಾತು ಇನ್ನೊಬ್ಬರದ್ದಾಗುತ್ತದೆ. ಯಾವ ವರ್ಷ ಅಂತ ಕೇಳಬೇಡಿ, ಹೇಳಲು ಬರುವುದಿಲ್ಲ, ಪಾಪ ಬೇಜಾರಾಗುತ್ತದೆ. ಆಗ ಬಾವಿ ಇತ್ತಾ, ಹಟ್ಟಿಯಲ್ಲಿ ದನ ಎಷ್ಟು, ತೊಟ್ಟಿಲಲ್ಲಿ ಯಾರಿದ್ದರು, ಅಡುಗೆ ಯಾರು ಮಾಡುತ್ತಿದ್ದರು ಅಂತ ಕೇಳಿ. ವರ್ಷ ಅದರೊಳಗಿಂದ ಬರುತ್ತದೆ.

ಪಾಣೆಮಂಗಳೂರಿನ ಸಂಬಂಧವೂ ಸಿಕ್ಕಿತು. ಅದೇ ಬಟ್ಟೆಯ ಗಂಟಿನಲ್ಲಿ ಮುತ್ತಜ್ಜಿಯ ಗಂಡನ ಹೆಸರಿನ ಒಂದು ಸಣ್ಣ ಸಾಲಪತ್ರ ಇತ್ತು. ಮುಂದೆ ಓದಿದರೆ ಊರು ಬರೆದ ಜಾಗ ಹರಿದಿದೆ. ಹಿಂದೆ ತಿರುಗಿಸಿದೆ. ಛಾಪಾ ಕಾಗದ ಮಾರಿದವರು ಹಿಂಬದಿಯಲ್ಲಿ ತಾರೀಕು, ಯಾರು ಕೊಂಡರು, ಎಲ್ಲಿ ಅಂತ ಬರೆದು ರುಜು ಹಾಕುತ್ತಿದ್ದರು. 1922, ಬಂಟ್ವಾಳ. ಆ ವರ್ಷ ಅವರ ಬಿಡಾರ ಆ ಕಡೆಗೇ ಇತ್ತು ಅನ್ನಲು ನನಗೆ ಅಷ್ಟು ಸಾಕು. ಹಳೇ ಪತ್ರದಲ್ಲಿ ತಾರೀಕೇ ಹೋಗಿದ್ದರೂ ಛಾಪೆಯಲ್ಲಿರುವ ಮುಖ ನೋಡಿ, ಐದನೇ ಜಾರ್ಜ್ ಇದ್ದರೆ ಆ ಕಾಗದ 1910ಕ್ಕಿಂತ ಹಳೇದಲ್ಲ.

ಸಂವತ್ಸರ ಮಾತ್ರ ಇದ್ದು ಇಸವಿ ಇಲ್ಲದಿದ್ದರೆ

ನಮ್ಮ ಮನೆಯಲ್ಲಿ ಜಾತಕ ಇರಲಿಲ್ಲ. ಗೆಳತಿಯ ಮನೆಯಲ್ಲಿ ಇತ್ತು, ಅವರು ರಥಬೀದಿಯ ಹತ್ತಿರದವರು. ಅವಳ ಮುತ್ತಜ್ಜಿಯ ಜಾತಕದಲ್ಲಿ ಆನಂದ ಸಂವತ್ಸರ ಅಂತ ಮಾತ್ರ ಓದಲು ಬರುತ್ತದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, 1854-55, 1914-15, 1974-75 ಮೂರೂ ಆನಂದವೇ. ಮುತ್ತಜ್ಜಿ ಅಂದ ಮೇಲೆ 1974 ಅಲ್ಲ, ಉಳಿದ ಎರಡರಲ್ಲಿ ಯಾವುದು? ಮನೆಯಲ್ಲಿ ಒಂದು ಮಾತು ಉಳಿದಿತ್ತು, ಶೀರೂರು ಪರ್ಯಾಯ ನಡೆಯುವಾಗ ಹುಟ್ಟಿದವರು ಅಂತ. ಪರ್ಯಾಯ, ಅಂದರೆ ಉಡುಪಿ ಕೃಷ್ಣಮಠದ ಪೂಜೆಯ ಸರದಿ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬದಲಾಗುತ್ತದೆ, ಎಂಟು ಮಠ ಸುತ್ತಿ ಬರಲು ಹದಿನಾರು ವರ್ಷ. ಶೀರೂರಿನದ್ದು 2010ರಲ್ಲಿ ಇತ್ತು, ಹದಿನಾರು ಹದಿನಾರು ಕಳೆಯುತ್ತಾ ಹಿಂದೆ ಹೋದರೆ 1946, 1930, 1914 ಸಿಗುತ್ತದೆ. ಆನಂದ ಸಂವತ್ಸರ, ಶೀರೂರು ಪರ್ಯಾಯ ಎರಡೂ ಸೇರುವುದು 1914ರ ಯುಗಾದಿಯಿಂದ ಮುಂದಿನ ಯುಗಾದಿಯೊಳಗೆ. 1854ರಲ್ಲಿ ಹಾಗೆ ಸೇರುವುದಿಲ್ಲ. ಉಡುಪಿಯವರಿಗೆ ಇದರಷ್ಟು ಗಟ್ಟಿ ಗುರುತು ಬೇರೆ ಇಲ್ಲ ಅಂತ ನನಗೆ ಅನಿಸುತ್ತದೆ. ಹಳಬರು ಇಸವಿ ಮರೆತರೂ ಯಾರ ಪರ್ಯಾಯ ಅಂತ ಮರೆಯುವುದಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ತೊಡಕು ಇತ್ತು. ಗಂಡ ಮೊದಲು ಹೋದರೋ ಹೆಂಡತಿಯೋ ಅಂತ ಜಗಳ. ಪಿತೃಪಕ್ಷದಲ್ಲಿ ಆ ಅಜ್ಜಿಯ ಹೆಸರಲ್ಲಿ ಯಾವತ್ತು ಎಡೆ ಇಡುತ್ತೀರಿ ಅಂತ ಕೇಳಿದೆ. ಅವಿಧವಾ ನವಮಿಗೆ ಅಂದರು. ಗಂಡ ಇರುವಾಗಲೇ ತೀರಿಕೊಂಡವರಿಗೆ ಇರುವ ದಿನ ಅದು. ಕಾಗದ ಇಲ್ಲದಿದ್ದರೂ ಮನೆಯ ಕ್ರಮದಲ್ಲಿ ಉತ್ತರ ಇತ್ತು.

ತುಳು ತಿಂಗಳನ್ನು ಪಂಚಾಂಗದ ಚಾಂದ್ರಮಾಸಕ್ಕೆ ಸುಮ್ನೆ ಜೋಡಿಸಬೇಡಿ. ನಮ್ಮದು ಸೌರಮಾನ. ಸೋಣ ಅಂದರೆ ಶ್ರಾವಣ ಅಂತ ಬರೆದುಕೊಂಡರೆ ಕೆಲವು ಸಲ ಒಂದು ತಿಂಗಳೇ ತಪ್ಪುತ್ತದೆ.

1974ರ ಡಿಕ್ಲರೇಷನ್ ಫೈಲು

ಗೇಣಿ ಮಾಡಿಕೊಂಡಿದ್ದ ಮನೆಯವರು ಇದನ್ನು ಬಿಡಬೇಡಿ. ಭೂಸುಧಾರಣೆ ಬಂದಾಗ ಗೇಣಿ ಭೂಮಿಯ ಹಕ್ಕು ಕೇಳಿ ಫಾರ್ಮ್ 7 ಅರ್ಜಿ (ಇಲ್ಲಿಯವರ ಮಾತಲ್ಲಿ ಡಿಕ್ಲರೇಷನ್) ಹಾಕಿದವರ ಫೈಲಿನಲ್ಲಿ ಯಾರ ಕಾಲದಿಂದ ಸಾಗುವಳಿ, ಗೇಣಿ ಎಷ್ಟು ಮುಡಿ ಅಕ್ಕಿ ಅಂತ ಹೇಳಿಕೆ ಇರುತ್ತದೆ. ಎಷ್ಟೋ ಕಡೆ ಹೆಂಗಸರದ್ದೇ ಹೇಳಿಕೆ. ಆದರೆ ಅದು ಭೂಮಿ ಉಳಿಸಿಕೊಳ್ಳಲು ಹೇಳಿದ ಮಾತು, ವರ್ಷ ಸ್ವಲ್ಪ ಎಳೆದಿರಬಹುದು. ಯಾರ ನಂತರ ಯಾರು ಅನ್ನುವುದಕ್ಕೆ ನಂಬಿ, ಎಷ್ಟು ವರ್ಷ ಅನ್ನುವುದಕ್ಕೆ ಬೇಡ.

ಕೊನೆಯ ಪರೀಕ್ಷೆ: ಅದೇ ಹೆಂಗಸೇನಾ?

ಎಲ್ಲ ತಾಳೆ ಆದ ಮೇಲೂ ಒಂದು ಸಂಶಯ ಉಳಿಯುತ್ತದೆ. ನಮ್ಮ ಕಡೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ, ಚಿಕ್ಕಮ್ಮನ ಹೆಸರನ್ನು ಅಕ್ಕನ ಮಗಳಿಗೆ ಇಡುತ್ತಾರೆ. ಮುತ್ತಜ್ಜಿಯ ಹೆಸರಿನವರೇ ಇನ್ನೊಬ್ಬರು ಕುಟುಂಬದಲ್ಲಿ ಇದ್ದರು. 1938ರ ಪತ್ರದವರು, 1953ರ ಪತ್ರದವರು ಒಬ್ಬರೇ ಹೌದಾ? ತಾಯಿಯ ಹೆಸರು ನೋಡುವುದು ಒಂದು ದಾರಿ, ಅದು ಸರಿ ಇತ್ತು.

ಇನ್ನೊಂದು ದಾರಿ ನಾನು ಯೋಚಿಸಿರಲಿಲ್ಲ. ಎರಡು ಮೂಲಪ್ರತಿಯ ಫೋಟೋ ಫೋನಿನಲ್ಲಿ ದೊಡ್ಡದು ಮಾಡಿ ದೊಡ್ಡಮ್ಮನಿಗೆ ತೋರಿಸುತ್ತಿದ್ದೆ. ರುಜು ಇಲ್ಲ, ಎಡಗೈ ಹೆಬ್ಬೆಟ್ಟಿನ ಗುರುತು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಗೆರೆಗಳು ಮಾತ್ರ ಸ್ಪಷ್ಟ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೀಟು, ಅಲ್ಲಿ ಶಾಯಿ ಹಿಡಿದಿಲ್ಲ. ಕಾಗದ ಮಡಚಿದ ಗೀಟು ಅಂದುಕೊಂಡಿದ್ದೆ. ದೊಡ್ಡಮ್ಮ ಕನ್ನಡಕ ಸರಿಮಾಡಿ ನೋಡಿ, ಹಲಸಿನಕಾಯಿ ಕೊಯ್ಯುವಾಗ ಮೆಟ್ಟುಕತ್ತಿ ತಾಗಿದ್ದು ಅಂದರು. ಅವರು ಸಣ್ಣವರಿರುವಾಗ ಆ ಗಾಯದ ಗುರುತನ್ನು ಬೆರಳಿನಿಂದ ಸವರುತ್ತಾ ನಿದ್ದೆ ಮಾಡುತ್ತಿದ್ದರಂತೆ. 1953ರ ಪತ್ರ ತೆರೆದೆವು. ಅದೇ ಓರೆ, ಅದೇ ಗೀಟು.

ವಂಶಾವಳಿಯಲ್ಲಿ ಈಗ ಅವರ ಹೆಸರಿನ ಮುಂದೆ 1898-1961 ಅಂತ ಬರೆದಿದ್ದೇವೆ, ಹುಟ್ಟಿದ ವರ್ಷಕ್ಕೆ ಮಾತ್ರ ಸುಮಾರು ಅಂತ ಸೇರಿಸಿದ್ದೇವೆ. ದೊಡ್ಡಮ್ಮನ ತುಳು ವಾಕ್ಯವನ್ನು ಅದರ ಕೆಳಗೆ ಹಾಗೇ ಬರೆದಿದ್ದೇನೆ, ಕನ್ನಡ ಮಾಡಿಲ್ಲ. ಮಳೆ ನಿಂತ ಮೇಲೆ ದೊಡ್ಡಮ್ಮನನ್ನು ಕರೆದುಕೊಂಡು ಒಂದು ಸಲ ಪಾಣೆಮಂಗಳೂರಿಗೆ ಹೋಗುವುದಿದೆ.